ಎಂಟಕ್ಕೊಂದು ಮೂಕ ಕೀ: ತುಮಕೂರಿನ ಒಂದು ವಾರಂಟಿ ಪ್ರಕರಣ

ಸಂಗೀತದ ಕೀಬೋರ್ಡೊಂದರ ಈ ಪ್ರಕರಣದ ಗ್ರಾಹಕಿಯನ್ನು ಇಲ್ಲಿ ‘ಟೀಚರ್’ ಎಂದಷ್ಟೇ ಕರೆಯುತ್ತೇನೆ. ಅವರ ಬೀದಿಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಯಾವುದರ ಹೆಸರನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೀಗಳ ಲೆಕ್ಕವನ್ನೂ ಕಾಗದಪತ್ರಗಳ ಕ್ರಮವನ್ನೂ ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಇಡೀ ಪ್ರಕರಣ ತಿರುಗಿದ್ದು ಆ ಎರಡರ ಮೇಲೆ.

ನಾನು ವಕೀಲನಲ್ಲ. ಗ್ರಾಹಕರ ದೂರುಗಳಿಗೆ ಕಾಗದ ಬರೆದುಕೊಡುವುದು, ಬಿಲ್ಲು ರಸೀದಿಗಳನ್ನು ಜೋಡಿಸಿಕೊಡುವುದು, ಇಷ್ಟು ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ನನ್ನ ಬಳಿಗೆ ಸಾಮಾನ್ಯವಾಗಿ ಬರುವುದು ಫ್ರಿಜ್, ಮೊಬೈಲ್, ಬೋರ್‌ವೆಲ್ ಮೋಟರ್. ಸಂಗೀತದ ವಾದ್ಯವೊಂದು ಬಂದದ್ದು ಇದೇ ಮೊದಲು.

ಹಿನ್ನೆಲೆ

ಟೀಚರ್ ತಮ್ಮ ಮನೆಯ ಮುಂಗೋಣೆಯಲ್ಲಿ ಸಂಜೆ ಹೊತ್ತು ಹದಿನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾರೆ. ಹಾಡುವವರಿಗೆ ಹಾರ್ಮೋನಿಯಂ, ನುಡಿಸುವವರಿಗೆ ಕೀಬೋರ್ಡ್. ಹನ್ನೊಂದು ವರ್ಷ ದುಡಿದ ಹಳೆಯ ಕೀಬೋರ್ಡ್ ಬೇಸಿಗೆಯಲ್ಲಿ ಪೂರ್ತಿ ನಿಂತುಹೋಯಿತು. ಜೂನ್ ಮೊದಲ ವಾರ, ಶಾಲೆಗಳು ತೆರೆದ ಹೊಸದರಲ್ಲಿ, ತುಮಕೂರಿನದೇ ಒಂದು ಅಂಗಡಿಯಲ್ಲಿ 18,500 ರೂಪಾಯಿ ಕೊಟ್ಟು 61 ಕೀಗಳ ಹೊಸದೊಂದನ್ನು ಕೊಂಡರು. ವಾರಂಟಿ ಒಂದು ವರ್ಷ. ದೋಷವಿದ್ದರೆ ಏಳು ದಿನಗಳೊಳಗೆ ಬದಲಿಸಿಕೊಡಲಾಗುವುದು ಎಂದು ಬಿಲ್ಲಿನ ಹಿಂಬದಿಯಲ್ಲಿ ಅಚ್ಚಾಗಿತ್ತು.

ಅಂಗಡಿಯಲ್ಲಿ ವಾದ್ಯವನ್ನು ‘ತೋರಿಸಿದ’ ಬಗೆಯನ್ನು ಇಲ್ಲಿಯೇ ಹೇಳಬೇಕು. ಹುಡುಗನೊಬ್ಬ ಡೆಮೊ ಗುಂಡಿ ಒತ್ತಿದ. ವಾದ್ಯ ತಾನಾಗಿ ಎರಡು ಹಾಡುಗಳನ್ನು ಘನವಾಗಿ ನುಡಿಸಿತು. ಟೀಚರ್ ನಾಲ್ಕಾರು ಕೀಗಳನ್ನು ಒತ್ತಿ ನೋಡಿ ಒಪ್ಪಿದರು. ಡೆಮೊ ಹಾಡು ಕೀಗಳ ಮೂಲಕ ಹಾದು ಬರುವುದೇ ಇಲ್ಲ. ಅದು ಒಳಗಿನ ಚಿಪ್ಪಿನಿಂದ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. 61 ಕೀಗಳೂ ಸತ್ತಿದ್ದರೂ ಡೆಮೊ ಹಾಡು ಅಷ್ಟೇ ಚೆನ್ನಾಗಿ ಕೇಳಿಸುತ್ತದೆ. ಕೊಳ್ಳುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಸಮಸ್ಯೆ ಕಾಣಿಸಿಕೊಂಡ ರೀತಿ

ಆರನೆಯ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ನುಡಿಸುತ್ತಿದ್ದಳು. ಟೀಚರ್ ಮಕ್ಕಳಿಗೆ ‘ಬಿಳಿ ಒಂದು’ ಎಂದು ಕರೆಯುವ ಬಿಳಿ ಕೀಯನ್ನು ಷಡ್ಜವಾಗಿ, ಎಂದರೆ ಸ ಆಗಿ, ಇಟ್ಟು ಕಲಿಸುತ್ತಾರೆ. ಪಾಠ ಶುರುವಾಗಿ ಅರ್ಧ ಗಂಟೆ ದಾಟಿತ್ತು. ಹುಡುಗಿಯ ವರಸೆಯಲ್ಲಿ ಮೊದಲ ಸ ಕೇಳಿಸಲಿಲ್ಲ. ರಿ, ಗ, ಮ, ಪ ಬಂದವು. ದ ಇಲ್ಲ. ನಿ ಬಂತು, ಮೇಲಿನ ಸ ಬಂತು. ‘ಬೆರಳನ್ನು ಪೂರ್ತಿ ಒತ್ತು’ ಎಂದರು ಟೀಚರ್. ಮತ್ತೆ ಅದೇ. ಮೂರನೆಯ ಸಲ ಗದರಿದರು. ಹುಡುಗಿ ಕಣ್ಣು ತುಂಬಿಕೊಂಡು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಟೀಚರ್ ತಾವೇ ಕುಳಿತು ನುಡಿಸಿದಾಗ ಎಲ್ಲ ಸ್ವರಗಳೂ ಸರಿಯಾಗಿದ್ದವು. ತಪ್ಪು ಮಗುವಿನದೇ ಎಂದು ಅವರು ತೀರ್ಮಾನಿಸಿದರು.

ಒಂಬತ್ತನೆಯ ದಿನ, ಸುಮಾರು ಮುಕ್ಕಾಲು ಗಂಟೆ ತಾವೇ ನುಡಿಸಿದ ಬಳಿಕ, ಅದೇ ಸ ಮತ್ತು ಅದೇ ದ ಅವರ ಬೆರಳಿಗೂ ಮೂಕವಾದವು. ಅಷ್ಟು ಹೊತ್ತಿಗೆ ಬದಲಿಸಿಕೊಳ್ಳುವ ಏಳು ದಿನಗಳು ಕಳೆದಿದ್ದವು. ಹಣದ ನಷ್ಟಕ್ಕಿಂತ ಆ ಮಗುವನ್ನು ಗದರಿದ್ದು ಅವರನ್ನು ಹೆಚ್ಚು ಕಾಡಿತು. ನನ್ನ ಬಳಿ ಮೊದಲ ಸಲ ಮಾತನಾಡಿದಾಗ ಅವರು ಮೊದಲು ಹೇಳಿದ್ದು ಆ ಮಗುವಿನ ವಿಚಾರ. ಬಿಲ್ಲಿನ ಮಾತು ಬಂದದ್ದು ಆಮೇಲೆ.

ಮೊದಲ ಸುತ್ತು

ಅಂಗಡಿಯವರು ‘ಏಳು ದಿನ ಮುಗಿದಿದೆ, ಇನ್ನು ಕಂಪನಿಯವರನ್ನೇ ಕೇಳಬೇಕು’ ಎಂದರು. ಅಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ, ‘ಧೂಳು ಕುಳಿತಿರಬೇಕು ಅಮ್ಮ, ಬಿಚ್ಚಿ ಒರೆಸಿಕೊಡುತ್ತೇನೆ, ಹತ್ತು ನಿಮಿಷ ಸಾಕು’ ಎಂದ. ಟೀಚರ್ ಅರ್ಧ ಒಪ್ಪಿಯೂ ಬಿಟ್ಟಿದ್ದರು. ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಸ್ಕ್ರೂಗಳ ಮೇಲೆ ಸೀಲಿನ ಚೀಟಿ ಇದೆಯೇ ಎಂದು ಕೇಳಿದೆ. ಇತ್ತು. ಅದು ಹರಿದರೆ, ವಾದ್ಯವನ್ನು ಹೊರಗಿನವರು ಬಿಚ್ಚಿದ್ದಾರೆ ಎಂಬ ಒಂದೇ ಮಾತಿನಲ್ಲಿ ವಾರಂಟಿ ಮುಗಿದುಹೋಗುತ್ತದೆ. ಬೇಡ ಎಂದೆ. ಈ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಎರಡನೆಯದು ಸರಿಯಾಗಲಿಲ್ಲ. ಕಂಪನಿಯ ಸರ್ವಿಸ್ ಸೆಂಟರ್ ಇದ್ದದ್ದು ಬೆಂಗಳೂರಿನಲ್ಲಿ, ಸುಮಾರು 70 ಕಿಲೋಮೀಟರ್ ದೂರ. ಟೀಚರ್ ಕೀಬೋರ್ಡನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬೆಳಗಿನ ರೈಲಿನಲ್ಲಿ ಮಡಿಲ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಯಶವಂತಪುರದವರೆಗೆ ಹೋದರು. ಕ್ಯಾತ್ಸಂದ್ರದಲ್ಲಿ ಹತ್ತಿದ ಜನರ ಮಧ್ಯೆ ಅದನ್ನು ಕಾಪಾಡಿಕೊಳ್ಳುವುದೇ ಒಂದು ಹೋರಾಟವಾಯಿತಂತೆ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ವಾದ್ಯವನ್ನು ಆನ್ ಮಾಡಿ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಎಲ್ಲ ಕೀಗಳೂ ನುಡಿದವು. ‘ದೋಷವೇನೂ ಕಾಣುತ್ತಿಲ್ಲ, ನಿಮ್ಮ ಮನೆಯ ವೋಲ್ಟೇಜ್ ಏರುಪೇರಾಗುತ್ತಿರಬೇಕು’ ಎಂದು ಹೇಳಿ ಕಳುಹಿಸಿದರು. ಒಂದು ಚೀಟಿಯನ್ನೂ ಕೊಡಲಿಲ್ಲ. ಕೇಳಿ ಪಡೆಯಬೇಕು ಎಂದು ನಾನು ಮುಂಚಿತವಾಗಿ ಹೇಳಿರಲಿಲ್ಲ. ಅದು ನನ್ನ ತಪ್ಪು. ಇದರಿಂದಾಗಿ, ಮೊದಲ ತಿಂಗಳಲ್ಲೇ ವಾದ್ಯ ಅಲ್ಲಿಗೆ ಹೋಗಿತ್ತು ಎಂಬುದಕ್ಕೆ ರೈಲಿನ ಟಿಕೆಟ್ ಬಿಟ್ಟರೆ ಬೇರೆ ಯಾವ ದಾಖಲೆಯೂ ನಮ್ಮ ಕೈಯಲ್ಲಿ ಉಳಿಯಲಿಲ್ಲ.

ಬಂದು ಹೋಗುವ ದೋಷದ ಕಷ್ಟವೇ ಇದು. ಪೂರ್ತಿ ಕೆಟ್ಟ ವಸ್ತುವಿನ ಬಗ್ಗೆ ಯಾರೂ ವಾದಿಸುವುದಿಲ್ಲ. ಮನೆಯಲ್ಲಿ ಕೆಟ್ಟು ಕೌಂಟರಿನಲ್ಲಿ ಸರಿಯಾಗುವ ವಸ್ತುವಿನ ವಿಷಯದಲ್ಲಿ ಮಾತ್ರ ಗ್ರಾಹಕನೇ ಸುಳ್ಳುಗಾರನಂತೆ ಕಾಣುತ್ತಾನೆ.

ಒಂದು ಭಾನುವಾರದ ಪರೀಕ್ಷೆ

ಜುಲೈ ಮೊದಲ ಭಾನುವಾರ ಟೀಚರ್ ಮನೆಗೆ ಹೋದೆ. ಗದರಿಸಿಕೊಂಡಿದ್ದ ಹುಡುಗಿಯನ್ನೂ ಟೀಚರ್ ಕರೆಸಿದ್ದರು, ಅದು ಅವರದೇ ತೀರ್ಮಾನ. ಮೊದಲು ವಾದ್ಯವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿದೆವು. ಸೆಟ್ಟಿಂಗ್ ಬದಲಾಗಿರಬಹುದು ಎಂಬ ಮಾತಿಗೆ ಜಾಗ ಉಳಿಯಬಾರದಿತ್ತು. ಆಮೇಲೆ ಅಡಾಪ್ಟರನ್ನು ಪಕ್ಕಕ್ಕಿಟ್ಟು, ಗೋಡೆ ಗಡಿಯಾರಕ್ಕೆ ಹಾಕುವಂಥ ಆರು ಹೊಸ ಸೆಲ್‌ಗಳನ್ನು ಹಾಕಿದೆವು. ಸೆಲ್ಲಿನಲ್ಲಿ ನಡೆಯುವಾಗಲೂ ಕೀ ಮೂಕವಾದರೆ ವೋಲ್ಟೇಜಿನ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ವಾದ್ಯದ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇತ್ತು. ಅದನ್ನು ಒಟಿಜಿ ಕೇಬಲ್ ಮೂಲಕ ನನ್ನ ಮೊಬೈಲಿಗೆ ಜೋಡಿಸಿ, ಮಿಡಿ ಸಂದೇಶಗಳನ್ನು ತೋರಿಸುವ ಒಂದು ಉಚಿತ ಆ್ಯಪ್ ತೆರೆದೆ. ವಾದ್ಯಗಳು ಪರಸ್ಪರ ಮಾತನಾಡಿಕೊಳ್ಳಲು 1983ರಲ್ಲಿ ರೂಪುಗೊಂಡ ಭಾಷೆ ಮಿಡಿ. ಯಾವ ಕೀ ಒತ್ತಿದರು, ಎಷ್ಟು ರಭಸದಿಂದ ಒತ್ತಿದರು ಎಂಬುದನ್ನು ಅದು ಅಂಕಿಗಳಲ್ಲಿ ಹೇಳುತ್ತದೆ. ನಡುವಿನ ಬಿಳಿ ಒಂದಕ್ಕೆ 60, ಅದರ ಮುಂದಿನ ಕಪ್ಪು ಕೀಗೆ 61, ಹೀಗೆ. ಕೀ ಒತ್ತಿದಾಗ ಮೊಬೈಲಿನಲ್ಲಿ ಅಂಕಿ ಬಂದೂ ಸದ್ದು ಬರದಿದ್ದರೆ ದೋಷ ಸ್ಪೀಕರಿನ ಕಡೆಯದು. ಅಂಕಿಯೇ ಬರದಿದ್ದರೆ ಒತ್ತಿದ ಸುದ್ದಿ ವಾದ್ಯದ ಮಿದುಳಿಗೆ ತಲುಪಿಲ್ಲ ಎಂದರ್ಥ.

ಟೀಚರ್ ನುಡಿಸತೊಡಗಿದರು. ಗೋಡೆ ಗಡಿಯಾರ ಚೌಕಟ್ಟಿನಲ್ಲಿ ಕಾಣುವಂತೆ ಇನ್ನೊಂದು ಮೊಬೈಲಿನಲ್ಲಿ ವಿಡಿಯೊ ನಡೆಯುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಎಲ್ಲವೂ ಸರಿಯಾಗಿತ್ತು. 34ನೆಯ ನಿಮಿಷಕ್ಕೆ ನಡುವಿನ ಸ ಹೋಯಿತು. ಪರದೆಯಲ್ಲಿ 60 ಬರಲಿಲ್ಲ. ಒಡನೆ ಎಡ ತುದಿಯಿಂದ ಒಂದೊಂದೇ ಕೀಯನ್ನು ಒತ್ತುತ್ತ ಹೋದೆವು. ಹುಡುಗಿ ತನ್ನ ನೋಟ್ ಪುಸ್ತಕದಲ್ಲಿ ಮೊದಲ ಕೀಗೆ 1, ಕೊನೆಯದಕ್ಕೆ 61 ಎಂದು ಸಂಖ್ಯೆ ಬರೆದುಕೊಂಡು, ಮೂಕವಾದವುಗಳಿಗೆ ಸುತ್ತು ಹಾಕುತ್ತಿದ್ದಳು. 1, 9, 17, 25, 33, 41, 49, 57.

ನಾನು ಇನ್ನೂ ವಿಡಿಯೊ ಸರಿಪಡಿಸುತ್ತಿದ್ದೆ. ಅವಳೇ ಹೇಳಿದಳು: ‘ಅಂಕಲ್, ಎಂಟೆಂಟಕ್ಕೆ ಒಂದು ಹೋಗಿದೆ.’

ಪ್ರಕರಣದ ನಿಜವಾದ ತಿರುವು ಆ ಮಾತು. ಇಂಥ ಕೀಬೋರ್ಡುಗಳಲ್ಲಿ ಪ್ರತಿಯೊಂದು ಕೀಗೂ ಪ್ರತ್ಯೇಕ ತಂತಿ ಎಳೆಯುವುದಿಲ್ಲ. ಚುಕ್ಕಿ ರಂಗೋಲಿಯಂತೆ ಅಡ್ಡ ಗೆರೆಗಳು, ಉದ್ದ ಗೆರೆಗಳು ಇರುತ್ತವೆ. ಅಡ್ಡ ಗೆರೆಯೊಂದು ಉದ್ದ ಗೆರೆಯೊಂದನ್ನು ದಾಟುವ ಚುಕ್ಕಿಯೇ ಒಂದು ಕೀ. ಈ ವಾದ್ಯದಲ್ಲಿ ಎಂಟೆಂಟು ಕೀಗಳ ಗುಂಪುಗಳಿದ್ದವು. ಪ್ರತಿ ಗುಂಪಿನ ಮೊದಲ ಕೀಗಳೆಲ್ಲ ಒಂದೇ ಗೆರೆಯನ್ನು ಹಂಚಿಕೊಂಡಿದ್ದವು. ಆ ಒಂದು ಗೆರೆ ತುಂಡಾದರೆ ಎಂಟು ಕೀಗಳು ಒಟ್ಟಿಗೆ ಹೋಗುತ್ತವೆ. ಧೂಳು ಕುಳಿತರೆ, ನೀರು ಚೆಲ್ಲಿದರೆ, ಮಗು ಗುದ್ದಿದರೆ ಕೆಡುವುದು ಒಂದು ಕೀ, ಇಲ್ಲವೇ ಅಕ್ಕಪಕ್ಕದ ಎರಡು ಮೂರು. ಸಮಾನ ಅಂತರದಲ್ಲಿ ಎಂಟು ಕೀಗಳನ್ನು ಮಾತ್ರ ಆರಿಸಿ ಕೆಡಿಸುವ ಧೂಳು ಎಲ್ಲಿಯೂ ಇಲ್ಲ. ದೋಷ ತಯಾರಿಕೆಯದೇ ಎಂದು ಹೇಳುವ ಧೈರ್ಯ ನನಗೆ ಬಂದದ್ದು ಆ ನೋಟ್ ಪುಸ್ತಕದ ಪುಟವನ್ನು ನೋಡಿದ ಮೇಲೆ. ನಡುಸ್ಥಾಯಿಯ ಸ 25ನೆಯ ಕೀ, ದ 33ನೆಯದು. ಮೇಲಿನ ಸ 37, ಅದು ಪಟ್ಟಿಯಲ್ಲಿಲ್ಲ. ಮಗು ಅಂದು ನುಡಿಸಿದ್ದು ಅಕ್ಷರಶಃ ಸರಿಯಾಗಿತ್ತು.

ಟೀಚರ್ ಅಲ್ಲಿಯೇ, ನನ್ನೆದುರೇ, ‘ಅವತ್ತು ತಪ್ಪು ನಿನ್ನ ಬೆರಳಿನದಲ್ಲ ಕಂದಾ’ ಎಂದರು. ಹುಡುಗಿ ತಲೆ ತಗ್ಗಿಸಿಕೊಂಡು ಪುಸ್ತಕದ ಸುತ್ತುಗಳನ್ನು ಪೆನ್ಸಿಲಿನಿಂದ ಮತ್ತಷ್ಟು ದಪ್ಪ ಮಾಡುತ್ತಿದ್ದಳು.

ಎರಡನೆಯ ಸುತ್ತು

ಕಂಪನಿಗೆ ಒಂದು ಪುಟದ ಪತ್ರ ಬರೆದೆವು, ಪ್ರತಿಯನ್ನು ಅಂಗಡಿಗೂ ಕಳುಹಿಸಿದೆವು. ಅದರಲ್ಲಿ ‘ಸರಿಯಾಗಿ ನುಡಿಯುತ್ತಿಲ್ಲ’ ಎಂಬ ಮಾತೇ ಇರಲಿಲ್ಲ. ಆನ್ ಮಾಡಿ 30ರಿಂದ 40 ನಿಮಿಷಗಳ ಬಳಿಕ ಈ ಎಂಟು ಕೀಗಳು ಮೂಕವಾಗುತ್ತವೆ, ಸೆಲ್ಲಿನಲ್ಲಿಯೂ ಆಗುತ್ತದೆ, ಯುಎಸ್‌ಬಿ ಮೂಲಕವೂ ಅಂಕಿ ಬರುವುದಿಲ್ಲ, ಆಫ್ ಮಾಡಿ ಒಂದು ಗಂಟೆ ಬಿಟ್ಟರೆ ಮತ್ತೆ ನುಡಿಯುತ್ತವೆ. ಆದ್ದರಿಂದ 40 ನಿಮಿಷ ಬಿಸಿಯಾಗಲು ಬಿಟ್ಟು ಆಮೇಲೆ ಪರೀಕ್ಷಿಸಬೇಕು. ಇಷ್ಟೇ.

ಮತ್ತೆ ಅದೇ ರೈಲು, ಅದೇ ದುಪ್ಪಟಿ. ಕೌಂಟರಿನವರು ಜಾಬ್ ಶೀಟಿನಲ್ಲಿ ‘ಸೌಂಡ್ ಸಮಸ್ಯೆ’ ಎಂದು ಎರಡು ಪದ ಬರೆದರು. ಟೀಚರ್ ಸಹಿ ಹಾಕಲಿಲ್ಲ. ‘ಪತ್ರದಲ್ಲಿರುವುದನ್ನು ಬರೆಯಿರಿ, ಕಾಯುತ್ತೇನೆ’ ಎಂದು ಪಕ್ಕದ ಬೆಂಚಿನಲ್ಲಿ ಕುಳಿತರು. ಮುಕ್ಕಾಲು ಗಂಟೆಯ ನಂತರ ಅವರು ಎಂಟು ಕೀಗಳ ಸಂಖ್ಯೆಗಳೊಂದಿಗೆ ಪೂರ್ತಿ ಬರೆದು, ದಿನಾಂಕ ಹಾಕಿ, ಮುದ್ರೆ ಒತ್ತಿಕೊಟ್ಟರು. ಸರ್ವಿಸ್ ಸೆಂಟರಿಗೆ ಹೋಗುವ ಯಾರಿಗಾದರೂ ನಾನು ಈಗ ಮೊದಲು ಹೇಳುವುದು ಆ ಬೆಂಚಿನ ಕತೆಯನ್ನೇ. ಮುಂದೆ ಪ್ರಕರಣ ಎಲ್ಲಿಗೇ ಹೋದರೂ ಓದುವವರು ನೋಡುವುದು ಜಾಬ್ ಶೀಟನ್ನು. ಅದರಲ್ಲಿ ಏನಿದೆಯೋ ಅದೇ ನಿಮ್ಮ ದೂರು.

ಒಂಬತ್ತು ದಿನಗಳ ಬಳಿಕ ಬಂದ ಉತ್ತರ ಬೇರೆಯೇ ದಿಕ್ಕಿನದು. ವಾದ್ಯವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು. ಮಾತಿನ ನಡುವೆ ಟೀಚರ್ ತಾವು ಮಕ್ಕಳಿಗೆ ಪಾಠ ಹೇಳುವ ವಿಷಯವನ್ನು ಕೌಂಟರಿನಲ್ಲಿ ಹೇಳಿದ್ದರು. ವಾರಂಟಿ ಕಾರ್ಡಿನಲ್ಲಿ ಅಂಥದೊಂದು ಸಾಲು ಸಣ್ಣಕ್ಷರದಲ್ಲಿ ಇದ್ದದ್ದೂ ನಿಜ.

ಮನೆಯವರೊಬ್ಬರು, ‘ಮೊಮ್ಮಗನಿಗೆ ಕೊಡಿಸಿದ್ದು ಎಂದು ಹೇಳಿಬಿಡಿ, ಯಾರು ಬಂದು ನೋಡುತ್ತಾರೆ’ ಎಂದರು. ಟೀಚರ್ ಒಪ್ಪಲಿಲ್ಲ. ಅವರ ಕಾರಣ ನೈತಿಕವಾದದ್ದು. ನನಗೆ ಇನ್ನೊಂದು ಕಾರಣವೂ ಇತ್ತು: ಆ ಸುಳ್ಳಿನ ಅಗತ್ಯವೇ ಇರಲಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರ ಪಟ್ಟಿಯಿಂದ ಹೊರಗಿಡುತ್ತದೆ, ನಿಜ. ಆದರೆ ಅದೇ ಕಾಯ್ದೆಯ 2(7)ನೆಯ ಕಲಮಿಗೆ ಒಂದು ವಿವರಣೆಯಿದೆ. ಸ್ವಯಂ ಉದ್ಯೋಗದ ಮೂಲಕ ತನ್ನ ಜೀವನೋಪಾಯಕ್ಕೆಂದೇ ಒಬ್ಬ ವ್ಯಕ್ತಿ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ. ಹೊಲಿಗೆ ಯಂತ್ರ ಕೊಂಡ ದರ್ಜಿ, ಆಟೊ ಕೊಂಡ ಚಾಲಕ, ಕೀಬೋರ್ಡ್ ಕೊಂಡ ಟೀಚರ್, ಎಲ್ಲರಿಗೂ ಇದು ಒಂದೇ. ವಾರಂಟಿ ಕಾರ್ಡಿನಲ್ಲಿ ಕಂಪನಿ ಏನೇ ಬರೆದುಕೊಂಡರೂ, ದೋಷವುಳ್ಳ ಸರಕಿನ ಬಗ್ಗೆ ಗ್ರಾಹಕರ ಆಯೋಗದ ಮುಂದೆ ದೂರು ಕೊಡುವ ದಾರಿ ಅದರಿಂದ ಮುಚ್ಚಿಹೋಗುವುದಿಲ್ಲ.

ಹಾಗೆಂದು ಮರುದಿನವೇ ದೂರು ಹಾಕಲಿಲ್ಲ. ಟೀಚರಿಗೆ ಬೇಕಿದ್ದದ್ದು ತೀರ್ಪಲ್ಲ, ಸಂಜೆ ಐದಕ್ಕೆ ನುಡಿಯುವ ವಾದ್ಯ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಸಿದೆ. ಕನ್ನಡದಲ್ಲಿಯೇ ಮಾತನಾಡಿದರು, ದೂರಿನ ಸಂಖ್ಯೆ ಕೊಟ್ಟರು. ಅದೇ ವಾರ ಕಂಪನಿಗೂ ಅಂಗಡಿಗೂ ಒಟ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಯಿತು. ಅದರಲ್ಲಿ ಬೆದರಿಕೆಯ ಮಾತುಗಳಿರಲಿಲ್ಲ, ಇದ್ದದ್ದು ಮೂರು ಸಂಗತಿಗಳು: ಗ್ರಾಹಕಿ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎಂದರೆ ತುಮಕೂರಿನಲ್ಲಿಯೇ, ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ. ದೂರು ಕೊಡಲು ಕಾಲಾವಕಾಶ ಎರಡು ವರ್ಷ. ಕಂಪನಿಯ ಪ್ರತಿನಿಧಿ ತುಮಕೂರಿಗೆ ಬರಬೇಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂಗಡಿಯನ್ನು ಸೇರಿಸಬೇಕೇ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆಯಾಯಿತು. ಪರಿಚಯದವರು, ಪಾಪ ಎಂದರು ಟೀಚರ್. ಹಣ ಪಡೆದು ಬಿಲ್ಲು ಕೊಟ್ಟವರು ಅವರು, ಸೇರಿಸಲೇಬೇಕು ಎಂದೆ. ಆಮೇಲೆ ನೋಡಿದರೆ ಗಾಡಿ ಮುಂದಕ್ಕೆ ಚಲಿಸಿದ್ದೇ ಅಂಗಡಿಯವರಿಂದ. ನೋಟಿಸ್ ತಲುಪಿದ ಸಂಜೆ ಅವರು ವಿತರಕರಿಗೆ ಫೋನ್ ಮಾಡಿದರು. ಗ್ರಾಹಕಿಯ ಮಾತನ್ನು ಕೇಳದವರು, ತಿಂಗಳು ತಿಂಗಳು ಸರಕು ಎತ್ತುವ ಅಂಗಡಿಯ ಮಾತನ್ನು ಕೇಳಿದರು.

ಏನಾಯಿತು

ನಾಲ್ಕು ದಿನಗಳಲ್ಲಿ ಸರ್ವಿಸ್ ಸೆಂಟರಿನಿಂದ ಕರೆ ಬಂತು. ಕೀಗಳ ಕೆಳಗಿನ ಬೋರ್ಡನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದರು. ಹೊಸ ವಾದ್ಯವನ್ನೇ ಕೇಳಿ ಎಂದು ನಾನು ಒತ್ತಾಯಿಸಿದೆ. ಕೊಂಡ ಒಂಬತ್ತೇ ದಿನಕ್ಕೆ ಕೆಟ್ಟ ವಸ್ತುವನ್ನು ಬಿಚ್ಚಿ ಹೊಲಿದು ಕೊಡುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು, ಇಂದಿಗೂ ಅದೇ. ಟೀಚರ್ ಬೇರೆಯೇ ಲೆಕ್ಕ ಹಾಕಿದರು. ಮಕ್ಕಳು ಗೌರಿ-ಗಣೇಶ ಹಬ್ಬದ ಕಾರ್ಯಕ್ರಮಕ್ಕೆ ತಯಾರಾಗಬೇಕಿತ್ತು. ಹೊಸದಕ್ಕೆ ಹಟ ಹಿಡಿದರೆ ಇನ್ನೆಷ್ಟು ವಾರವೋ. ಅವರು ದುರಸ್ತಿಗೆ ಒಪ್ಪಿದರು, ಎರಡು ಷರತ್ತುಗಳನ್ನು ಬರಹದಲ್ಲಿ ಪಡೆದ ಮೇಲೆ: ವಾದ್ಯ ಅವರ ಬಳಿ ಇಲ್ಲದ ದಿನಗಳಷ್ಟು ವಾರಂಟಿ ಮುಂದಕ್ಕೆ ಹೋಗಬೇಕು, ಮತ್ತೆ ಅದೇ ದೋಷ ಬಂದರೆ ದುರಸ್ತಿಯ ಮಾತಿಲ್ಲದೆ ವಾದ್ಯವನ್ನೇ ಬದಲಿಸಬೇಕು. ಎರಡನೆಯ ಷರತ್ತು ಅವರದೇ ಯೋಚನೆ. ನನಗೆ ಹೊಳೆದಿರಲಿಲ್ಲ.

ವಾದ್ಯವನ್ನು ತರಲು ಈ ಸಲ ನಾನೂ ಜೊತೆಗೆ ಹೋದೆ. ತಂತ್ರಜ್ಞರು ಹಿರಿಯರು, ಮೊದಲ ಸಲ ಕೌಂಟರಿನಲ್ಲಿದ್ದವರಲ್ಲ. ತೆಗೆದ ಬೋರ್ಡನ್ನು ನೋಡಬಹುದೇ ಎಂದು ಟೀಚರ್ ಕೇಳಿದಾಗ ಸಂತೋಷದಿಂದಲೇ ತಂದು ದೀಪದ ಕೆಳಗೆ ಹಿಡಿದು, ಭೂತಗನ್ನಡಿ ಕೊಟ್ಟರು. ರಿಬ್ಬನ್ ಕೇಬಲ್ ಬಂದು ಸೇರುವ ಕಡೆ ಸಾಲಾಗಿ ಬೆಸುಗೆಯ ಚುಕ್ಕಿಗಳು, ಹೊಳೆಯುವ ಸಣ್ಣ ಬೆಳ್ಳಿಯ ಗುಡ್ಡೆಗಳಂತೆ. ಅವುಗಳಲ್ಲಿ ಒಂದು ಮಾತ್ರ ಮಂಕಾಗಿತ್ತು. ಅದರ ನಡುವಿನ ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಬೆಸುಗೆ ಸರಿಯಾಗಿ ಹಿಡಿಯದ ಕಡೆ ಬಿಟ್ಟ ಬಿರುಕು ಅದು. ತಣ್ಣಗಿರುವಾಗ ಪಿನ್ನು ಬೆಸುಗೆಗೆ ತಾಗಿಕೊಂಡಿರುತ್ತದೆ, ಒಳಗೆ ಬೆಚ್ಚಗಾದಂತೆ ಬಿಟ್ಟುಕೊಳ್ಳುತ್ತದೆ. ‘ಎಂಟಕ್ಕೊಂದು ಎಂದು ಜಾಬ್ ಶೀಟಿನಲ್ಲಿ ಓದಿದಾಗಲೇ ಎಲ್ಲಿ ನೋಡಬೇಕೆಂದು ಗೊತ್ತಾಯಿತು’ ಎಂದರು ಅವರು. ಏಳನೆಯ ತರಗತಿಯ ಹುಡುಗಿಯ ಮಾತು ಯಾವ ಬದಲಾವಣೆಯೂ ಇಲ್ಲದೆ ಅವರ ಮೇಜಿನವರೆಗೆ ತಲುಪಿತ್ತು.

ಒಂದು ಗಂಟೆ ಅಲ್ಲಿಯೇ ನುಡಿಸಿ ನೋಡಿ, ಬದಲಿಸಿದ ಭಾಗದ ಹೆಸರನ್ನು ರಸೀದಿಯಲ್ಲಿ ಬರೆಸಿಕೊಂಡು ಹೊರಟೆವು. ಒಟ್ಟು ಏಳು ವಾರ, ಮೂರು ಸಲ ಬೆಂಗಳೂರು. ಪ್ರಯಾಣದ ಖರ್ಚು, ತಪ್ಪಿದ ಪಾಠಗಳ ಶುಲ್ಕ ಯಾವುದೂ ಅವರಿಗೆ ವಾಪಸ್ ಬರಲಿಲ್ಲ. ಆಯೋಗಕ್ಕೆ ಹೋಗಿದ್ದರೆ ಅದನ್ನೂ ಕೇಳಬಹುದಿತ್ತು. ಅದನ್ನು ಬಿಟ್ಟುಕೊಟ್ಟದ್ದು ತಿಳಿದೇ ಮಾಡಿದ ಆಯ್ಕೆ, ಸೋಲೆಂದು ನಾನು ಬರೆಯಲಾರೆ. ಆದರೆ ಪೂರ್ತಿ ಗೆಲುವೆಂದೂ ಬರೆಯಲಾರೆ.

ಪ್ರಕರಣವನ್ನು ಮತ್ತೆ ಓದಿದಾಗ ನನಗೆ ಕಾಣುವುದು, ನಾವು ಕಳೆದುಕೊಂಡದ್ದೆಲ್ಲ ಮೊದಲ ಮೂರು ವಾರಗಳಲ್ಲಿ ಎಂಬುದು. ಅಂಗಡಿಯಲ್ಲಿ ಡೆಮೊ ಹಾಡಿನ ಬದಲು 61 ಕೀಗಳನ್ನೂ ಒಂದೊಂದಾಗಿ ಒತ್ತಿ, ಮನೆಗೆ ತಂದ ದಿನವೇ ಒಂದು ಗಂಟೆ ಬಿಡದೆ ನುಡಿಸಿದ್ದರೆ, ದೋಷ ಏಳು ದಿನಗಳೊಳಗೆ ಸಿಕ್ಕಿಬೀಳುತ್ತಿತ್ತು. ಮೊದಲ ಭೇಟಿಯಲ್ಲಿಯೇ ಚೀಟಿ ಕೇಳಿ ಪಡೆದಿದ್ದರೆ ಎರಡನೆಯ ಭೇಟಿ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮತ್ತು ಮಗು ‘ನಾನು ಒತ್ತಿದೆ’ ಎಂದಾಗ ಒಮ್ಮೆ ನಂಬಿ, ಆ ಕೀಯನ್ನು ಆಗಲೇ ತಾವು ಒತ್ತಿ ನೋಡಿದ್ದರೆ, ಆರನೆಯ ದಿನವೇ ಎಲ್ಲವೂ ಮುಗಿಯುತ್ತಿತ್ತು. ಈ ಕೊನೆಯದನ್ನು ಹೇಳಿದವರು ಟೀಚರ್.

ಹಬ್ಬ ಕಳೆದ ಮೇಲೆ ಇನ್ನೊಬ್ಬ ಶಿಷ್ಯನ ತಂದೆ ಕೀಬೋರ್ಡ್ ಕೊಳ್ಳಲು ಟೀಚರನ್ನು ಜೊತೆಗೆ ಕರೆದುಕೊಂಡು ಅದೇ ಅಂಗಡಿಗೆ ಹೋದರು. ಹುಡುಗ ಡೆಮೊ ಗುಂಡಿಯತ್ತ ಕೈ ಚಾಚಿದ. ಟೀಚರ್ ಬೇಡವೆಂದು ಕೈಯಾಡಿಸಿ, ಎಡ ತುದಿಯ ಮೊದಲ ಕೀಯಿಂದ ಶುರು ಮಾಡಿದರು. ಎಷ್ಟು ಹೊತ್ತಾಗಬಹುದೆಂದು ಅಂಗಡಿಯವರು ಕೇಳಿದರು. ಒಂದು ಗಂಟೆ ಎಂದರು ಟೀಚರ್. ಅಂಗಡಿಯವರು ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿದರು.